ಸಾಂಡಾ ಹಲ್ಲಿಯ ಬಿಲದ ಮಣ್ಣಿನಿಂದ ಕಲ್ಲಿನ ನಕ್ಷೆ: ಜೈಸಲ್ಮೇರ್‌ನಲ್ಲಿ ನನ್ನ ಅನುಭವ

"ಬಿಲ ಬಗ್ಗಿ ನೋಡ್ಕೊಂಡು ನಕ್ಷೆ ಮಾಡ್ತಾನಂತೆ" ಎಂದು ಆಡಿಕೊಂಡವರೇ ಈಗ ನನ್ನ ಶೇಪ್‌ಫೈಲ್ (ನಕ್ಷೆಯ ಕಂಪ್ಯೂಟರ್ ಕಡತ) ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ರಾಜಸ್ಥಾನದ ಜೈಸಲ್ಮೇರ್‌ನಿಂದ ಚಾಂದನ್ ಊರಿನ ಕಡೆಗಿನ ನೆಲ. ಸೋಲಾರ್‌ಗೆ ಜಮೀನು ಬಿಡುವ ಮೊದಲು, ಖಡೀನ್‌ಗಳಿಗೆ (ಮಳೆನೀರು ತಡೆದು ಬೆಳೆ ತೆಗೆಯುವ ಒಡ್ಡಿನ ಹೊಲ) ಮಳೆನೀರು ಹರಿಸುವ ಬಂಡೆ ಎಲ್ಲಿ, ನೀರು ಇಂಗುವ ಲಾಠಿ ಎಂಬ ಮರಳುಗಲ್ಲು ಎಲ್ಲಿ ಎಂದು 1:25,000 ಅಳತೆಯ ನಕ್ಷೆಯಲ್ಲಿ ತೋರಿಸಬೇಕಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಜಾಲತಾಣದ 1:50,000 ನಕ್ಷೆ ಪುಕ್ಕಟೆ ಸಿಕ್ಕಿತು, ಆದರೆ ನನಗೆ ಬೇಕಾದ ಕಡೆಯೆಲ್ಲ ಬರೀ ಮರಳು.

ಸೆಂಟಿನೆಲ್-2 ಉಪಗ್ರಹದ 11, 12ನೇ ಬ್ಯಾಂಡ್ (ಕಣ್ಣಿಗೆ ಕಾಣದ ಅವಗೆಂಪು ಬೆಳಕು) ಅನುಪಾತದಿಂದ ಕಲ್ಲು ಗುರುತಿಸಹೋದರೆ, ಅದನ್ನು ಕಂಕರ್ (ಮಣ್ಣಲ್ಲಿ ಕಟ್ಟುವ ಸುಣ್ಣದ ಗಂಟು) ಹಾಳು ಮಾಡಿತು. ಮರಳುಗಲ್ಲಿನ ಮೇಲೆ ಕಟ್ಟಿದ ಕಂಕರ್ರೂ ಜೈಸಲ್ಮೇರ್ ಸುಣ್ಣಕಲ್ಲೂ ಅಲ್ಲಿ ಒಂದೇ ಬಣ್ಣ, ಆಸಿಡ್ ಬಿಟ್ಟರೂ ಎರಡೂ ಬುಸ್ಸೆನ್ನುತ್ತವೆ. ಉಪಗ್ರಹದ ಆಸ್ಟರ್ ಉಪಕರಣದ ರಾತ್ರಿ ಉಷ್ಣಚಿತ್ರದಲ್ಲಿ ಒಂದು ಚುಕ್ಕೆಯೇ 90 ಮೀಟರ್. ಜೆಸಿಬಿ ತರಿಸಿ ಗುಂಡಿ ತೋಡಿಸಿದರೆ ಮರಳು ಕುಸಿದು ಸುಮಾರು ನಲವತ್ತು ಸಾವಿರ ನೀರುಪಾಲು. ಜೀಪು, ಡೀಸೆಲ್, ಡ್ರೈವರ್ ದಿನಕ್ಕೆ ನಾಲ್ಕು ಸಾವಿರದ ಆಸುಪಾಸು, ಅದು ಬೇರೆ.

ಸಾಂಡಾ ಹಲ್ಲಿ ಸಡಿಲ ಮರಳಲ್ಲಿ ಬಿಲ ಮಾಡುವುದಿಲ್ಲ, ಗಟ್ಟಿ ನೆಲವೇ ಬೇಕು. ಹಾಗಾಗಿ ಅಡಿಯ ಕಲ್ಲಿನ ಚೂರು ಅದರ ಮಣ್ಣಿನ ಜೊತೆ ಮೇಲೆ ಬರುತ್ತದೆ. ಬಿಲದ ಬಾಯಲ್ಲಿ ಅದು ಎಸೆದ ಮಣ್ಣನ್ನು ಜರಡಿ ಹಿಡಿದು ಲೆನ್ಸ್‌ನಲ್ಲಿ ನೋಡಿದೆ. ಚಿಪ್ಪಿನ ಚೂರಿರುವ ಹಳದಿ ಹರಳು ಸುಣ್ಣಕಲ್ಲಿನದು, ಸ್ಫಟಿಕದ ಕಾಳು ಲಾಠಿಯದು. ಕುರಿಗಾಹಿಗಳು ತೋಡಿದ ಬೇರಿಗಳ (ಕಿರುಬಾವಿ) ಮಣ್ಣೂ ಸೇರಿತು. ಕಂಕರನ್ನು ಬೇರ್ಪಡಿಸಿದ್ದು ಹೇಗೆ? ಅದು ನನ್ನ ಹೊಟ್ಟೆಪಾಡು. ಆಸಿಡ್ ಬೇಡ, ಒಂದು ಬೋಗುಣಿ ನೀರು ಸಾಕು ಅಂತಷ್ಟೇ ಹೇಳುತ್ತೇನೆ. ಬಿಲ ಮಾತ್ರ ಅಗೆಯಬೇಡಿ, ಆ ಪ್ರಾಣಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಚಳಿಗಾಲದಲ್ಲಿ ಅದು ಬಿಲದ ಬಾಯಿ ಮುಚ್ಚಿಕೊಂಡು ಒಳಗೆ ಮಲಗುತ್ತದೆ, ಹೊಸ ಮಣ್ಣು ಬೇಕಾದರೆ ಚಳಿ ಕಳೆದು ಬಿಸಿಲೇರಿದ ಮೇಲೆ ಹೋಗಿ.

ನಡುವೆ ಗಿಡಗಳ ಮೇಲೂ ಕಣ್ಣು ಹಾಕಿದೆ. ಫೋಗ್ ಎಂಬ ಮರುಭೂಮಿ ಪೊದೆ ಇದ್ದಲ್ಲಿ ಮರಳು ಆಳ ಎಂಬುದು ನಿಜವೇ, ಆದರೆ ಸೌದೆಗೆಂದು ಬೇರುಸಮೇತ ಕಿತ್ತಿದ್ದಾರೆ. ಗಿಡ ಇಲ್ಲವೆಂದರೆ ಮರಳಿಲ್ಲ ಎನ್ನುವ ಹಾಗಿಲ್ಲ. ಮರಳು ಆಳೆತ್ತರ ದಾಟಿದ ಕಡೆ ಬಿಲವೂ ಸಿಗುವುದಿಲ್ಲ. ಅಂಥ ಜಾಗವನ್ನು ನಕ್ಷೆಯಲ್ಲಿ ಖಾಲಿಯೇ ಬಿಟ್ಟೆ.

ಆಮೇಲೆ ಅಲ್ಲಿ ಕೊರೆದ ಬೋರ್‌ವೆಲ್‌ಗಳ ಪುಡಿಗೆ ಹೋಲಿಸಿದಾಗ ಹತ್ತರಲ್ಲಿ ಎಂಟು ಕಡೆ ಕಲ್ಲು ನಾನು ಬರೆದದ್ದೇ. ಖಡೀನ್ ಮೇಲಿನ ಬಂಡೆಪಟ್ಟಿಯನ್ನು ಸೋಲಾರ್ ಗುತ್ತಿಗೆಯಿಂದ ಕೈಬಿಟ್ಟರು. ಕೊನೆ ಕಂತಿನ ದುಡ್ಡು ಮಾತ್ರ ಇನ್ನೂ ಬಂದಿಲ್ಲ, ಶೇಪ್‌ಫೈಲ್ ಅದು ಬಂದ ಮೇಲೆ.