ವಾರಕ್ಕೆ 20 ಗಂಟೆ: ಸಾಫ್ಟ್‌ವೇರ್ ಡೆವಲಪರ್ ಅರೆಕಾಲಿಕ ಕೆಲಸ ಹುಡುಕುವ ಬಗೆ

ಉದ್ಯೋಗ ಜಾಲತಾಣಗಳಲ್ಲಿ ‘ಅರೆಕಾಲಿಕ’ ಎಂದು ಹುಡುಕುವ ಸಾಫ್ಟ್‌ವೇರ್ ಡೆವಲಪರ್‌ಗಳಿಗೆ ಬಹುಪಾಲು ನಿರಾಶೆಯೇ ಕಾದಿರುತ್ತದೆ. ಕೆಲಸವೇ ಇಲ್ಲವೆಂದು ಇದರ ಅರ್ಥವಲ್ಲ. ಕಂಪನಿಯೊಂದು ನೇಮಕಾತಿಗೆ ಹೊರಡುವಾಗ ಇಡೀ ಹುದ್ದೆಯೊಂದಕ್ಕೆ ಮಂಜೂರಾತಿ ಪಡೆದು, ಜಾಹೀರಾತನ್ನೂ ಅದಕ್ಕೇ ಬರೆಯುತ್ತದೆ. ಅದೇ ಕಂಪನಿಯಲ್ಲಿ ವಾರಕ್ಕೆ ಹದಿನೈದೋ ಇಪ್ಪತ್ತೋ ಗಂಟೆ ಬೇಡುವ, ಯಾರ ಪಾಲಿಗೂ ಬೀಳದೆ ತಿಂಗಳುಗಟ್ಟಲೆ ಉಳಿದುಹೋದ ಕೆಲಸಕ್ಕೆ ಜಾಹೀರಾತು ಕೊಡಬೇಕೆಂದು ಯಾರಿಗೂ ತೋಚುವುದಿಲ್ಲ. ಆದ್ದರಿಂದ ಅರೆಕಾಲಿಕ ಕೆಲಸವನ್ನು ಹುಡುಕುವುದೆಂದರೆ ಹೆಚ್ಚಿನ ಮಟ್ಟಿಗೆ ಅದನ್ನು ಕೇಳಿ ಪಡೆಯುವುದು, ಅದರಲ್ಲೂ ನಿಮ್ಮ ಕೆಲಸವನ್ನು ಈಗಾಗಲೇ ಕಂಡವರನ್ನು ಕೇಳುವುದು.

ಪೂರ್ಣಾವಧಿ ಉದ್ಯೋಗದಲ್ಲಿರುವವರು ಮೊದಲು ಕೇಳಬೇಕಾದದ್ದು ತಮ್ಮ ಮ್ಯಾನೇಜರನ್ನೇ. ಕೆಲವು ದೇಶಗಳಲ್ಲಿ ಇದಕ್ಕೆ ಕಾನೂನಿನ ಬೆಂಬಲವೂ ಇದೆ: ಜರ್ಮನಿಯಲ್ಲಿ 15ಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಆರು ತಿಂಗಳು ದಾಟಿದ ನೌಕರರು ಕೆಲಸದ ಅವಧಿಯನ್ನು ಕಡಿಮೆ ಮಾಡುವಂತೆ ಕೋರಬಹುದು, ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಉದ್ಯೋಗದ ಮೊದಲ ದಿನದಿಂದಲೇ ಇಂತಹ ಕೋರಿಕೆ ಸಲ್ಲಿಸಲು ಅವಕಾಶವಿದೆ. ಕಾನೂನು ಇರಲಿ ಇಲ್ಲದಿರಲಿ, ಕೋರಿಕೆಯನ್ನು ಬರವಣಿಗೆಯಲ್ಲಿ ಕೊಡುವುದು ಒಳ್ಳೆಯದು. ಯಾವ ದಿನಗಳಲ್ಲಿ ಕೆಲಸ ಮಾಡುತ್ತೀರಿ, ಈಗಿನ ಹೊಣೆಗಳಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತೀರಿ, ಯಾವುದನ್ನು ಯಾರಿಗೆ ಒಪ್ಪಿಸುತ್ತೀರಿ ಎಂಬುದನ್ನು ಅದರಲ್ಲಿ ಸ್ಪಷ್ಟಪಡಿಸಿ, ಮೂರು ತಿಂಗಳು ಪ್ರಾಯೋಗಿಕವಾಗಿ ನಡೆಸಿ ನೋಡೋಣವೆಂದು ಸೂಚಿಸಿದರೆ ಒಪ್ಪುವುದು ಎದುರಿನವರಿಗೂ ಸುಲಭವಾಗುತ್ತದೆ.

ಈ ಮಾತುಕತೆಯಲ್ಲಿ ಅನೇಕರು ಮರೆಯುವ ವಿಷಯವೊಂದಿದೆ. ವಾರದ 40 ಗಂಟೆಗಳಲ್ಲಿ 8 ಗಂಟೆ ಮೀಟಿಂಗ್‌ಗಳಿಗೆ ಹೋದರೆ ಕೋಡ್ ಬರೆಯಲು 32 ಗಂಟೆ ಉಳಿಯುತ್ತದೆ. ಅವಧಿಯನ್ನು 20 ಗಂಟೆಗೆ ಇಳಿಸಿ ಮೀಟಿಂಗ್‌ಗಳನ್ನು ಹಾಗೆಯೇ ಬಿಟ್ಟರೆ ಉಳಿಯುವುದು 16 ಅಲ್ಲ, 12 ಗಂಟೆ ಮಾತ್ರ. ಸಂಬಳ ಅರ್ಧಕ್ಕೆ ಇಳಿದರೂ ಕೆಲಸದ ನಿರೀಕ್ಷೆ ಅರ್ಧಕ್ಕಿಂತ ಹೆಚ್ಚೇ ಉಳಿಯುವುದರಿಂದ, ಕೊರತೆಯನ್ನು ತುಂಬಲು ರಜೆಯ ದಿನವೂ ಕಂಪ್ಯೂಟರ್ ತೆರೆಯಬೇಕಾಗಿ ಬರುತ್ತದೆ. ಯಾವ ಮೀಟಿಂಗ್‌ಗಳಿಗೆ ಬರುವುದಿಲ್ಲ ಎಂಬುದನ್ನು ಮೊದಲ ದಿನವೇ ಗೊತ್ತುಮಾಡಿಕೊಳ್ಳಿ ಎಂದು ಒತ್ತಿ ಹೇಳಲು ಇದೇ ಕಾರಣ.

ಒಳಗೆ ದಾರಿಯಿಲ್ಲವಾದರೆ ಹಳೆಯ ಸಹೋದ್ಯೋಗಿಗಳಿಗೂ ಹಿಂದಿನ ಗ್ರಾಹಕರಿಗೂ ಬರೆಯಿರಿ. ‘ಏನಾದರೂ ಕೆಲಸವಿದ್ದರೆ ತಿಳಿಸಿ’ ಎಂಬ ಸಂದೇಶಕ್ಕೆ ಉತ್ತರ ಬರುವುದು ಅಪರೂಪ, ಏಕೆಂದರೆ ಯಾವ ಕೆಲಸವೆಂದು ಯೋಚಿಸುವ ಹೊರೆಯನ್ನು ಅದು ಓದುವವರ ಮೇಲೆ ಹಾಕುತ್ತದೆ. ಬದಲಿಗೆ, ‘ಹಳೆಯ ಜಾಂಗೋ ಅಪ್ಲಿಕೇಶನ್‌ಗಳನ್ನು ಹೊಸ ಆವೃತ್ತಿಗೆ ತರುವ ಕೆಲಸವನ್ನು ಮುಂದಿನ ತಿಂಗಳಿನಿಂದ ವಾರಕ್ಕೆ ಎರಡು ದಿನ ಮಾಡಬಲ್ಲೆ’ ಎಂದು ಬರೆದರೆ, ಓದಿದವರಿಗೆ ತಮ್ಮ ಕಚೇರಿಯಲ್ಲಿ ನೆನೆಗುದಿಗೆ ಬಿದ್ದಿರುವ ಕೆಲಸ ತಕ್ಷಣ ನೆನಪಿಗೆ ಬರುತ್ತದೆ.

ಎಲ್ಲ ಕೆಲಸವೂ ಅರೆಕಾಲಿಕಕ್ಕೆ ಒಗ್ಗುವುದಿಲ್ಲ. ನಡುರಾತ್ರಿ ಸರ್ವರ್ ಕೆಟ್ಟರೆ ಎದ್ದು ನೋಡಬೇಕಾದ ಹೊಣೆ, ಬಿಡುಗಡೆಯ ದಿನಾಂಕ ಹತ್ತಿರವಾದ ಉತ್ಪನ್ನ, ಐದಾರು ಮಂದಿ ದಿನವೂ ಬದಲಾಯಿಸುತ್ತಿರುವ ಕೋಡ್, ಇವುಗಳಿಂದ ದೂರವಿರುವುದು ಲೇಸು. ಎರಡು ದಿನ ಬಿಟ್ಟು ಬಂದರೂ ಬಿಟ್ಟಲ್ಲಿಂದಲೇ ಮುಂದುವರಿಸಬಹುದಾದ ಕೆಲಸಗಳು ಬೇರೆ ಇವೆ: ಟೆಸ್ಟ್‌ಗಳನ್ನು ಬರೆಯುವುದು, ನಿಧಾನವಾದ ಡೇಟಾಬೇಸ್ ಕ್ವೆರಿಗಳನ್ನು ಸರಿಪಡಿಸುವುದು, ಬೆಂಬಲ ಮುಗಿದ ಆವೃತ್ತಿಗಳಿಂದ ಹೊರಬರುವುದು. ಪೈಥಾನ್ 2ರ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು, ಆದರೂ ಅದರಲ್ಲಿ ಬರೆದ ಪ್ರೋಗ್ರಾಂಗಳು ಆ ದಿನಕ್ಕೇ ನಿಲ್ಲಲಿಲ್ಲ. ಇಂತಹ ಕೆಲಸವನ್ನು ಮುಟ್ಟಲು ಪೂರ್ಣಾವಧಿ ತಂಡಗಳಿಗೆ ಬಿಡುವು ಸಿಗುವುದೇ ಇಲ್ಲ.

ಪರಿಚಯದ ವಲಯ ಸಾಲದಿದ್ದಾಗ ಫ್ರೀಲಾನ್ಸ್ ತಾಣಗಳಿವೆ. ಇಲಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ಕಂಪನಿಗಳು ಕೂಡಿ, 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ತಳೆದ ತಾಣ ಅವುಗಳಲ್ಲಿ ದೊಡ್ಡದು. ಫೈವರ್ ಕೂಡ ಇದೆ, ಅದು ಕೆಲಸ ಮಾಡಿದವರ ಗಳಿಕೆಯಲ್ಲಿ ಶೇ. 20ರಷ್ಟು ಕಮಿಷನ್ ಹಿಡಿಯುತ್ತದೆ. ಅಲ್ಲಿ ಮೊದಲ ಕೆಲವು ಕೆಲಸಗಳು ಚಿಕ್ಕವಾಗಿರಲಿ, ಆದರೆ ಪುಕ್ಕಟೆಯಾಗಿ ‘ಪರೀಕ್ಷೆಗಾಗಿ’ ಇಡೀ ಮಾಡ್ಯೂಲನ್ನೇ ಬರೆಸಿಕೊಳ್ಳಲು ನೋಡುವವರಿಗೆ ಬಾಗಬೇಡಿ.

ಸ್ವತಂತ್ರವಾಗಿ ದುಡಿಯುವವರು ದರವನ್ನು ಹೀಗೆ ಲೆಕ್ಕಹಾಕಬಹುದು. ವಾರಕ್ಕೆ 20 ಗಂಟೆಯಂತೆ 52 ವಾರಗಳಿಗೆ 1,040 ಗಂಟೆಗಳಾಗುತ್ತವೆ. ರಜೆ, ಹಬ್ಬ, ಅನಾರೋಗ್ಯಕ್ಕೆಂದು ಆರು ವಾರ ಕಳೆದರೆ ಉಳಿಯುವುದು 920. ಪತ್ರವ್ಯವಹಾರ, ಬಿಲ್ಲು, ಹೊಸ ಕೆಲಸದ ಹುಡುಕಾಟಕ್ಕೆ ಇದರಲ್ಲಿ ಕಾಲುಭಾಗ ಹೋಗುವುದಾದರೆ ಹಣ ತರುವ ಗಂಟೆಗಳು 690 ಮಾತ್ರ. ವರ್ಷಕ್ಕೆ ಬೇಕಾದ ಆದಾಯಕ್ಕೆ ವಿಮೆ ಮತ್ತು ಉಪಕರಣಗಳ ಖರ್ಚನ್ನು ಸೇರಿಸಿ, ಮೊತ್ತವನ್ನು ಈ 690ರಿಂದ ಭಾಗಿಸಬೇಕು. 1,040ರಿಂದ ಭಾಗಿಸಿದವರು ತಮ್ಮ ಶ್ರಮದ ಮೂರನೆಯ ಒಂದು ಭಾಗವನ್ನು ತಿಳಿಯದೆಯೇ ಬಿಟ್ಟುಕೊಡುತ್ತಾರೆ.

ಪೂರ್ಣಾವಧಿ ಉದ್ಯೋಗವನ್ನು ಉಳಿಸಿಕೊಂಡೇ ಬಿಡುವಿನ ವೇಳೆಯಲ್ಲಿ ಬೇರೆ ಕೆಲಸ ಮಾಡಲಿಚ್ಛಿಸುವವರು ತಮ್ಮ ನೇಮಕಾತಿ ಒಪ್ಪಂದವನ್ನು ಮತ್ತೊಮ್ಮೆ ಓದಲೇಬೇಕು. ಹೊರಗಿನ ಕೆಲಸಕ್ಕೆ ಲಿಖಿತ ಅನುಮತಿ ಬೇಕೆನ್ನುವ ಷರತ್ತೂ, ನೌಕರರು ಬರೆದ ಕೋಡ್ ಕಂಪನಿಗೆ ಸೇರುತ್ತದೆನ್ನುವ ಷರತ್ತೂ ಇಂತಹ ಒಪ್ಪಂದಗಳಲ್ಲಿ ಸಾಮಾನ್ಯವಾಗಿರುತ್ತವೆ. ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಹೊರಗಿನ ಕೋಡಿನ ಒಂದು ಸಾಲನ್ನೂ ಬರೆಯಬೇಡಿ.

ಹೊಸ ಗ್ರಾಹಕರೊಂದಿಗೆ ಮಾಡಿಕೊಳ್ಳುವ ಒಪ್ಪಂದದಲ್ಲಿ ವಾರದ ಗರಿಷ್ಠ ಗಂಟೆಗಳು, ಹಣ ಪಾವತಿಯ ದಿನ, ಕೋಡಿನ ಹಕ್ಕು ಪೂರ್ಣ ಪಾವತಿಯಾದ ಮೇಲಷ್ಟೇ ವರ್ಗವಾಗುವುದೆಂಬ ಮಾತು, ಮತ್ತು ನೀವು ಕರೆಗೆ ಸಿಗುವ ದಿನಗಳು ಹಾಗೂ ಸಮಯ ಬರೆದಿರಬೇಕು. ಸಿಗುವ ಸಮಯವನ್ನು ಬಾಯಿಮಾತಿನಲ್ಲಿ ಬಿಟ್ಟರೆ, ಕೆಲವೇ ವಾರಗಳಲ್ಲಿ ಸಂದೇಶಗಳು ಎಲ್ಲ ದಿನವೂ ಬರತೊಡಗುತ್ತವೆ.