ಅದೇ ಹಾಳೆ, ಇನ್ನೊಂದು ಸಲ: ತಡವರಿಸುವ ಮಕ್ಕಳಿಗೆ ಸರಾಗ ಓದು ಕಲಿಸುವುದು ಹೇಗೆ?

ಐದನೇ ಕ್ಲಾಸಿನ ಹುಡುಗಿ. ಪಾಠ ಓದು ಅಂದರೆ ಎದ್ದು ನಿಂತು ಗಡಗಡ ಓದುತ್ತಾಳೆ. ಪುಟದ ಮಧ್ಯದ ಸಾಲಿಗೆ ಬೆರಳಿಟ್ಟು 'ಇಲ್ಲಿಂದ ಓದಮ್ಮ' ಅಂದರೆ ಮಾತ್ರ ಬಾಯಿ ಕಟ್ಟುತ್ತದೆ. ಅಷ್ಟು ಹೊತ್ತು ಅವಳು ಓದುತ್ತಿರಲಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದಳು.

ಇಂಥ ಮಕ್ಕಳಿಗೆ ನಾವು ಸಾಮಾನ್ಯವಾಗಿ ಕೊಡುವ ಮದ್ದು ಒಂದೇ. ಕಾಗುಣಿತ ಹತ್ತು ಸಲ ಬರಿ. ಮಗು ಬರೆಯುತ್ತದೆ, ಕೈ ನೋಯುತ್ತದೆ, ಓದು ಮಾತ್ರ ಇದ್ದಲ್ಲೇ ಇರುತ್ತದೆ. ಬೇಕಿರುವುದು ನಾಲ್ಕೈದು ಮಕ್ಕಳ ಸಣ್ಣ ಗುಂಪು, ದಿನಕ್ಕೆ ಅರ್ಧ ಗಂಟೆ ಮತ್ತು ಒಂದು ಸುಲಭದ ಹಾಳೆ. ಶಿಕ್ಷಕರೇ ಆಗಬೇಕಿಲ್ಲ. ಊರಿನ ಗ್ರಂಥಾಲಯದವರು, ರಜೆಗೆ ಬಂದ ಕಾಲೇಜು ಹುಡುಗರು, ಮನೆಯ ಅಜ್ಜ, ಯಾರಾದರೂ ಮಾಡಬಹುದು.

ಮೊದಲು ಎಲ್ಲಿ ಸಿಕ್ಕಿಕೊಂಡಿದೆ ನೋಡಿ

ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಓದಿಸಿ. ಇಡೀ ಕ್ಲಾಸಿನ ಮುಂದೆ ಬೇಡ. ಪಠ್ಯಪುಸ್ತಕವೂ ಬೇಡ, ಮಗು ಹಿಂದೆ ನೋಡಿರದ ಹಾಳೆ ಇರಲಿ. ಪ್ರಥಮ್ ಎಂಬ ಶಿಕ್ಷಣ ಸಂಸ್ಥೆ 2005ರಿಂದ ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಬಳಸುತ್ತಿರುವ ಏಣಿ ಇದಕ್ಕೆ ಅನುಕೂಲ: ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ. ಐದು ಅಕ್ಷರದಲ್ಲಿ ನಾಲ್ಕು ಸರಿಯಾದರೆ ಪದಕ್ಕೆ ಹೋಗಿ. ಐದು ಪದದಲ್ಲಿ ನಾಲ್ಕು ಸರಿಯಾದರೆ ಪ್ಯಾರಾಕ್ಕೆ. ನಿಂತಲ್ಲಿ ಗುರುತು ಹಾಕಿ.

'ಓದಲು ಬರಲ್ಲ' ಅಂತ ಬರೆದುಕೊಂಡರೆ ಏನೂ ಪ್ರಯೋಜನವಿಲ್ಲ. ಎಂಥ ತಪ್ಪು ಅಂತ ಬರೆಯಿರಿ. ಕನ್ನಡದಲ್ಲಿ ಮಕ್ಕಳು ಎಡವುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಕೆಲವರಿಗೆ ಕೆ-ಕೇ, ಕೊ-ಕೋ ಒಂದೇ. ಕೆಲವರಿಗೆ 'ವು' ಕಂಡರೆ 'ಮ', 'ಪ' ಕಂಡರೆ 'ಷ'.

ಇನ್ನು ಒತ್ತಕ್ಷರ. ಅಕ್ಕ, ಹಗ್ಗ, ಕಪ್ಪೆ ಬರುತ್ತವೆ. ಕ, ಗ, ಪ ಒತ್ತಾದಾಗಲೂ ಹೆಚ್ಚು ವೇಷ ಬದಲಿಸುವುದಿಲ್ಲವಲ್ಲ. ಆದರೆ ತ, ನ, ಮ, ಯ, ರ, ಲ ಈ ಆರು ಒತ್ತಾದಾಗ ಗುರುತೇ ಸಿಗದಷ್ಟು ಬದಲಾಗುತ್ತವೆ. ಇವನ್ನು ಬೇರೆಯಾಗಿಯೇ ಕಲಿಸಬೇಕು.

ಅದಕ್ಕಿಂತ ಕಷ್ಟ 'ಶಕ್ತಿ' ಥರದ ಪದ. ಗುಡಿಸು ಇರುವುದು ಕ ಮೇಲೆ, ಅದರ ಸದ್ದು ಬರುವುದು ತ ಆದ ಮೇಲೆ. ಮಗು ಕಣ್ಣಿಗೆ ಕಂಡಂತೆ 'ಶಕಿತ' ಅನ್ನುತ್ತದೆ. ಅರ್ಕಾವತ್ತಿನ ಕಥೆಯೂ ಅದೇ. 'ಸೂರ್ಯ' ಬರೆದಾಗ ಅರ್ಕಾವತ್ತು ಕೊನೆಗೆ ಬರುತ್ತದೆ, ಸದ್ದು ಮೊದಲು ಬರುತ್ತದೆ. ಮಗು 'ಸೂಯರ' ಅಂದರೆ ಅದು ದಡ್ಡತನ ಅಲ್ಲ. ಎಡದಿಂದ ಬಲಕ್ಕೆ ಓದು ಅಂತ ನಾವೇ ಹೇಳಿಕೊಟ್ಟಿದ್ದೆವು, ಅಲ್ವಾ?

34 ವ್ಯಂಜನಗಳಿಗೆ ಕಾಗುಣಿತ ಸೇರಿಸಿದರೆ ರೂಪಗಳು 400 ದಾಟುತ್ತವೆ. ಒತ್ತು ಬೇರೆ. ಕನ್ನಡ ಓದುವ ಮಕ್ಕಳ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಮಾಡಿದ, 2007ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ತೋರಿಸಿತು: ಇವೆಲ್ಲ ಕೈಗೆ ಹತ್ತಲು ನಾಲ್ಕನೇ ಕ್ಲಾಸಿನವರೆಗೂ ಸಮಯ ಹಿಡಿಯುತ್ತದೆ. ಹಾಗಾಗಿ ಮೂರನೇ ಕ್ಲಾಸಿನ ಮಗು ಒತ್ತಿನ ಹತ್ತಿರ ನಿಂತರೆ ಗಾಬರಿ ಬೀಳಬೇಡಿ.

ಒಂದು ಎಚ್ಚರಿಕೆ. ಮಂಡ್ಯ ಕಡೆಯ ಮಗು 'ಹಾಲು' ಎಂಬುದನ್ನು 'ಆಲು' ಎಂದು ಓದಿದರೆ ಅದು ಓದಿನ ತಪ್ಪಲ್ಲ, ಮನೆಮಾತು. ಅಲ್ಲಿ ತಡೆಯಬೇಡಿ.

ಗುಂಪು ಮಾಡುವಾಗ

ಕ್ಲಾಸು ನೋಡಬೇಡಿ, ಮಟ್ಟ ನೋಡಿ. ಪದ ಓದುವ ಐದನೇ ಕ್ಲಾಸಿನವನೂ ಮೂರನೇ ಕ್ಲಾಸಿನವಳೂ ಒಟ್ಟಿಗೆ ಕೂರಬಹುದು. ನಾಲ್ಕೈದು ಮಕ್ಕಳು ಸಾಕು. ಹತ್ತಾದರೆ ಅದು ಮತ್ತೆ ಕ್ಲಾಸೇ ಆಗುತ್ತದೆ. ವಾರಕ್ಕೆ ನಾಲ್ಕೈದು ದಿನ, ಒಂದೇ ಹೊತ್ತಿಗೆ, ಜಗಲಿಯಲ್ಲೋ ಮರದ ಕೆಳಗೋ ದುಂಡಗೆ ಕೂರಿಸಿ. ಆಟದ ಪಿರಿಯಡ್ ಮಾತ್ರ ಕಿತ್ತುಕೊಳ್ಳಬೇಡಿ. ಓದಿನ ಮೇಲೆ ಸಿಟ್ಟು ಬರಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಗುಂಪಿಗೆ ಮಕ್ಕಳೇ ಹೆಸರಿಡಲಿ, ಮಾವು, ಹಲಸು, ಏನಾದರೂ ಸರಿ.

ಅರ್ಧ ಗಂಟೆಯಲ್ಲಿ ಏನೇನು?

ಮೊದಲ ಐದು ನಿಮಿಷ ಒಂದೇ ಒಂದು ತೊಡಕು. ಇವತ್ತು ತ ಒತ್ತು ಅಂದರೆ ತ ಒತ್ತು ಮಾತ್ರ. 'ಶಕ್ತಿ' ಪದವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯಿರಿ. 'ಶ' ಅನ್ನಿಸಿ, 'ಕ್' ಅನ್ನಿಸಿ, ಬೆರಳನ್ನು ಕೆಳಗಿನ ಒತ್ತಿಗೆ ಇಳಿಸಿ, ಅಲ್ಲಿಂದ ಮೇಲೆ ಗುಡಿಸಿಗೆ ಹತ್ತಿಸಿ 'ತಿ' ಅನ್ನಿಸಿ. ಆಮೇಲೆ ಭಕ್ತಿ, ಆಸ್ತಿ, ಸುಸ್ತು. ಬೆರಳು ಓಡಿದ ದಾರಿ ಕಣ್ಣಿಗೂ ಅಭ್ಯಾಸವಾಗುತ್ತದೆ.

ಆಮೇಲೆ ಹಾಳೆ. ಮೂವತ್ತು ನಲವತ್ತು ಪದ ಇದ್ದರೆ ಜಾಸ್ತಿಯೇ ಆಯಿತು. ಹತ್ತು ಪದದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಎಡವಿದರೆ ಆ ಹಾಳೆ ಕಷ್ಟದ್ದು, ಬದಲಿಸಿ. ಸಜಾತೀಯ ಒತ್ತಕ್ಷರಕ್ಕೆ, ಅಂದರೆ ಅಕ್ಕ, ಅಜ್ಜಿ ಥರ ಅಕ್ಷರಕ್ಕೆ ಅದರದೇ ಒತ್ತು ಇರುವ ಪದಗಳಿಗೆ, ಬಂದಿರುವ ಗುಂಪಿಗೆ ನಾನು ಬರೆದುಕೊಂಡಿರುವ ಹಾಳೆ ಇದು, ಬೇಕಾದರೆ ಬಳಸಿಕೊಳ್ಳಿ:

'ಅಜ್ಜಿ ಸಂತೆಗೆ ಹೊರಟಳು. ಚಿನ್ನಿ ಹಿಂದೆಯೇ ಓಡಿದಳು. "ಅಜ್ಜಿ, ನನಗೂ ಬಳೆ ಬೇಕು." "ಮೊದಲು ಚಪ್ಪಲಿ ಹಾಕಿಕೊಂಡು ಬಾ!" ಚಿನ್ನಿ ಒಳಗೆ ಓಡಿದಳು. ಒಂದು ಕಾಲಿಗೆ ಅಣ್ಣನ ಚಪ್ಪಲಿ, ಇನ್ನೊಂದು ಕಾಲಿಗೆ ಅಕ್ಕನ ಚಪ್ಪಲಿ ಹಾಕಿಕೊಂಡು ಬಂದಳು.'

ಮೊದಲು ನೀವು ಓದಿ. ಕಥೆ ಹೇಳುವ ಹಾಗೆ, ಅಜ್ಜಿಯ ದನಿ ಬೇರೆ, ಚಿನ್ನಿಯ ದನಿ ಬೇರೆ. ಮಕ್ಕಳ ಬೆರಳು ಪದದ ಕೆಳಗೆ ಓಡುತ್ತಿರಲಿ. ಎರಡನೇ ಸಲ ನೀವೊಂದು ಸಾಲು, ಅವರು ಅದೇ ಸಾಲು. ಮೂರನೇ ಸಲ ಎಲ್ಲರೂ ಒಟ್ಟಿಗೆ. ಗುಂಪಿನ ದನಿಯಲ್ಲಿ ಹೆದರುವ ಮಗುವಿನ ದನಿಯೂ ಸೇರಿಕೊಳ್ಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕನೆಯದು ಜೋಡಿಯಲ್ಲಿ: ಒಬ್ಬರು ಓದಬೇಕು, ಇನ್ನೊಬ್ಬರು ಬೆರಳಿಟ್ಟು ಕೇಳಬೇಕು. ಆ ಹೊತ್ತಿಗೆ ನೀವು ಒಂದು ಮಗುವಿನ ಪಕ್ಕ ಕೂತು ಅದರ ಓದು ಮಾತ್ರ ಕೇಳಿಸಿಕೊಳ್ಳಿ. ದಿನಕ್ಕೊಂದು ಮಗು ಅಂದರೆ ವಾರದಲ್ಲಿ ಎಲ್ಲರೂ ಮುಗಿಯುತ್ತಾರೆ.

'ಒಂದೇ ಹಾಳೆ ಅಷ್ಟು ಸಲ ಓದಿಸಿದರೆ ಮತ್ತೆ ಬಾಯಿಪಾಠವೇ ಆಗಲ್ವಾ?' ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೇ ಬೆರಳು ಬಿಡಬಾರದು. ನಡುವೆ 'ಚಪ್ಪಲಿ ಎಲ್ಲೆಲ್ಲಿದೆ ತೋರಿಸು' ಅಂತ ಕೇಳಬೇಕು. ಎರಡು ದಿನಕ್ಕಿಂತ ಹೆಚ್ಚು ಒಂದೇ ಹಾಳೆ ಇಡಬಾರದು. ಓದಿದ್ದನ್ನೇ ಮತ್ತೆ ಓದಿಸುವ ಈ ಕ್ರಮವನ್ನು ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಜೇ ಸ್ಯಾಮ್ಯುಯೆಲ್ಸ್ 1979ರಲ್ಲೇ ವಿವರಿಸಿದ್ದರು. ಅಕ್ಷರ ಬಿಡಿಸುವುದಕ್ಕೇ ತಲೆಯೆಲ್ಲ ಖರ್ಚಾದರೆ ಅರ್ಥಕ್ಕೆ ಏನೂ ಉಳಿಯುವುದಿಲ್ಲ ಎಂಬುದು ಅವರ ವಾದದ ತಿರುಳು. ಸೈಕಲ್ ಕಲಿಯುವಾಗ ಪೆಡಲ್ಲನ್ನೇ ನೋಡುತ್ತಿದ್ದರೆ ದಾರಿ ಕಾಣುವುದಿಲ್ಲವಲ್ಲ, ಹಾಗೆ.

ಮಗು ಪದದ ಮುಂದೆ ನಿಂತರೆ ಸುಮ್ನೆ ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ನನಗೆ ಇದೇ ಅತಿ ಕಷ್ಟದ ಕೆಲಸ. ಬಾಯಿ ತುದಿಗೆ ಉತ್ತರ ಬಂದಿರುತ್ತದೆ. ಪಕ್ಕದವರು ಕೂಗದಂತೆ ಮೊದಲೇ ಹೇಳಿರಿ. ಐದಾದರೂ ಬರದಿದ್ದರೆ ಮೊದಲ ಅಕ್ಷರ ಕೊಡಿ. ಆಗಲೂ ಬರದಿದ್ದರೆ ಪದ ಹೇಳಿ, ಆ ಸಾಲನ್ನು ಮೊದಲಿನಿಂದ ಓದಿಸಿ.

ಪದ ಬಂದರೂ ಒಂದೊಂದೇ ಪದ ಕುಟ್ಟಿ ಕುಟ್ಟಿ ಓದುವವರಿಗೆ ಪೆನ್ಸಿಲ್ ಗೆರೆ ಹಾಕಿಕೊಡಿ: 'ಒಂದು ಕಾಲಿಗೆ / ಅಣ್ಣನ ಚಪ್ಪಲಿ / ಇನ್ನೊಂದು ಕಾಲಿಗೆ / ಅಕ್ಕನ ಚಪ್ಪಲಿ'. ಗೆರೆ ಬರುವವರೆಗೆ ಉಸಿರು ಬಿಡುವಂತಿಲ್ಲ ಎಂದರೆ ಅದೇ ಆಟವಾಗುತ್ತದೆ.

ಕೊನೆಗೆ ಎರಡು ಮಾತು ಕಥೆಯ ಬಗ್ಗೆ. ಚಿನ್ನಿ ಯಾಕೆ ಹಾಗೆ ಬಂದಳು? ನಗು ಬಂದರೆ ಅರ್ಥವಾಗಿದೆ ಅಂತ ಲೆಕ್ಕ.

ಗಡಿಯಾರ ಹಿಡಿಯಬೇಕೇ?

ಹಿಡಿಯಿರಿ, ಆದರೆ ಹದಿನೈದು ದಿನಕ್ಕೊಮ್ಮೆ ಸಾಕು. ಒಂದು ನಿಮಿಷದಲ್ಲಿ ಸರಿಯಾಗಿ ಓದಿದ ಪದ ಎಣಿಸಿ ಆ ಮಗುವಿನ ನೋಟ್‌ಬುಕ್ಕಿನಲ್ಲೇ ಬರೆಯಿರಿ. ಹೋಲಿಕೆ ಅದರ ಹಿಂದಿನ ಲೆಕ್ಕದ ಜೊತೆ ಮಾತ್ರ. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಮೂರನೇ ಕ್ಲಾಸಿಗೆ ನಿಮಿಷಕ್ಕೆ ಕನಿಷ್ಠ 60 ಪದ, ಅದೂ ಅರ್ಥವಾಗುವಂತೆ, ಎಂಬ ಗುರಿ ಇಟ್ಟಿದೆ. ನನಗೆ ಆ ಸಂಖ್ಯೆ ಮೇಲೆ ಅಷ್ಟು ಮೋಹವಿಲ್ಲ. ನಮ್ಮಲ್ಲಿ 'ಮನೆಯಲ್ಲಿದ್ದವರಿಗೆಲ್ಲ' ಕೂಡ ಒಂದೇ ಪದ, 'ಬಾ' ಕೂಡ ಒಂದೇ ಪದ.

ಹಾಳೆ ಮುಗಿದರೆ ಚಿಂತೆ ಬೇಡ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಮಟ್ಟದ ಪ್ರಕಾರ ಉಚಿತವಾಗಿ ಸಿಗುತ್ತವೆ.

ಎರಡು ಮೂರು ತಿಂಗಳಾದರೂ ಕದಲದಿದ್ದರೆ

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಹಾಜರಿ ನೋಡಿ. ಎಲ್ಲ ಸರಿಯಿದ್ದೂ ಅಕ್ಷರ ನಿಲ್ಲುತ್ತಿಲ್ಲವೆಂದರೆ ಅದು ಕಲಿಕಾ ನ್ಯೂನತೆ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನು ಪರೀಕ್ಷಿಸುತ್ತಾರೆ. ಅಪ್ಪ ಅಮ್ಮನಿಗೆ ಈ ವಿಷಯ ಹೇಳುವಾಗ ಮಗುವನ್ನು ಎದುರಿಗೆ ನಿಲ್ಲಿಸಿಕೊಳ್ಳಬೇಡಿ.

ಮುಂದೆ ಹೋದ ಮಕ್ಕಳನ್ನು ಹಳೇ ಗುಂಪಿನಲ್ಲೇ ಉಳಿಸಿಕೊಳ್ಳಬೇಡಿ, ಮೂರು ವಾರಕ್ಕೊಮ್ಮೆ ಗುಂಪು ಅದಲು ಬದಲಾಗಲಿ. ಆ ಐದನೇ ಕ್ಲಾಸಿನ ಹುಡುಗಿ ಹೊರಡುವ ದಿನ ಚಿನ್ನಿಯ ಹಾಳೆಯನ್ನು ತಾನೇ ಇಟ್ಟುಕೊಳ್ಳುತ್ತೇನೆ ಅಂದಳು. ಯಾಕಮ್ಮ ಅಂದೆ. 'ತಮ್ಮಂಗೆ ಓದ್ಸಕ್ಕೆ' ಅಂದಳು. ನಾನು ಇನ್ನೊಂದು ಬರೆದುಕೊಂಡೆ.