ಜಿಪ್ ಡ್ರೈವ್‌ನಿಂದ ಹಳೇ ಕಂಪ್ಯೂಟರ್ ಬೂಟ್ ಆಗ್ತಿಲ್ವಾ?

ಹಳೇ ಮ್ಯಾಕ್‌ಗೆ 100 ಎಂಬಿಯ ಜಿಪ್ ಡ್ರೈವ್ (ದಪ್ಪ ಫ್ಲಾಪಿಯಂಥ ಡಿಸ್ಕ್ ಓದುವ ಪೆಟ್ಟಿಗೆ) ಜೋಡಿಸಿ, ಅದರಿಂದಲೇ ಬೂಟ್ ಆಗಲಿ, ಅಂದರೆ ಯಂತ್ರ ಶುರುವಾಗಲಿ ಅಂತ ಆನ್ ಮಾಡಿದ್ದೀರಿ. ಪರದೆ ಮೇಲೆ ಪ್ರಶ್ನೆ ಚಿಹ್ನೆ ಹೊತ್ತ ಫ್ಲಾಪಿ ಚಿತ್ರ ಸುಮ್ನೆ ಮಿನುಗುತ್ತಿದೆ. ಡಿಸ್ಕ್ ಕೆಟ್ಟಿದೆ ಅಂತ ಆಗಲೇ ಕೈಬಿಡಬೇಡಿ.

ಮೊದಲು ಕಿವಿಗೊಟ್ಟು ಕೇಳಿ. ಡಿಸ್ಕ್ ಹಾಕಿದ ಕೂಡಲೇ ಡ್ರೈವ್ ಒಂದೇ ಸಮನೆ ಟಕ್ ಟಕ್ ಅಂದರೆ ಅಲ್ಲಿಗೇ ನಿಲ್ಲಿಸಿ. ‘ಇನ್ನೊಂದು ಡಿಸ್ಕ್ ಹಾಕಿ ನೋಡೋಣ’ ಅನ್ನಿಸುತ್ತದೆ. ಬೇಡ. ಹೆಡ್ (ಡಿಸ್ಕ್ ಓದುವ ಭಾಗ) ಕೆಟ್ಟ ಡ್ರೈವ್ ಒಳ್ಳೆಯ ಡಿಸ್ಕಿನ ಅಂಚನ್ನು ಹರಿಯಬಹುದು. ಅಂಚು ಹರಿದ ಆ ಡಿಸ್ಕ್, ಮುಂದೆ ಅದನ್ನು ಹಾಕಿದ ಡ್ರೈವ್‌ನ ಹೆಡ್ಡನ್ನೂ ಹಾಳು ಮಾಡಬಹುದು. ಥೇಟ್ ಅಂಟುರೋಗ.

ಸದ್ದು ಸರಿಯಿದ್ದರೆ ಡ್ರೈವ್ ಯಾವ ಮಾದರಿಯದು ನೋಡಿ. ಪ್ಯಾರಲಲ್ (ಪಿಸಿಯ ಪ್ರಿಂಟರ್ ಪೋರ್ಟಿಗೆ ಹಾಕುವುದು) ಮತ್ತು ಸ್ಕಸಿ (SCSI, ಹಲವು ಸಾಧನಗಳನ್ನು ಒಂದೇ ಸಾಲಿನಲ್ಲಿ ಜೋಡಿಸುವ ವ್ಯವಸ್ಥೆ) ಮಾದರಿ ಎರಡಕ್ಕೂ 25 ಪಿನ್ನಿನ ಕನೆಕ್ಟರ್, ನೋಡಲು ಅವಳಿ ಮಕ್ಕಳು. ಮ್ಯಾಕ್‌ಗೆ ಬೇಕಾದ್ದು ಸ್ಕಸಿ.

ಈಗ ಎಲ್ಲವನ್ನೂ ಆಫ್ ಮಾಡಿ, ಡ್ರೈವ್‌ನ ಹಿಂದಿರುವ ಎರಡು ಸ್ವಿಚ್ ನೋಡಿ. ಒಂದು ಐಡಿ ಸಂಖ್ಯೆಯದು: 5 ಅಥವಾ 6. ಕಂಪ್ಯೂಟರ್‌ದು 7, ಒಳಗಿನ ಹಾರ್ಡ್ ಡಿಸ್ಕ್‌ದು ಸಾಮಾನ್ಯವಾಗಿ 0. ಒಂದೇ ಸಂಖ್ಯೆ ಇಬ್ಬರಿಗಿದ್ದರೆ ಕರೆದಾಗ ಇಬ್ಬರೂ ‘ಓ’ ಅನ್ನುತ್ತಾರೆ, ಯಂತ್ರ ಕಂಗೆಡುತ್ತದೆ. ಇನ್ನೊಂದು ಟರ್ಮಿನೇಶನ್ ಸ್ವಿಚ್, ಸಾಲಿನ ತುದಿಯಲ್ಲಿ ಸಂಕೇತ ವಾಪಸ್ ಪುಟಿಯದಂತೆ ತಡೆಯುವಂಥದ್ದು. ನನ್ನ ಒಂದಿಡೀ ಭಾನುವಾರ ನುಂಗಿದ್ದು ಇದೇ. ಕೇಬಲ್ ಸಾಲಿನ ಎರಡು ತುದಿಯಲ್ಲಿ ಮಾತ್ರ ಟರ್ಮಿನೇಶನ್ ಇರಬೇಕು, ನಡುವೆ ಕೂಡದು. ಜಿಪ್ ಕೊನೆಯಲ್ಲಿದ್ದರೆ ಆನ್, ಅದರಾಚೆ ಮತ್ತೊಂದು ಸಾಧನವಿದ್ದರೆ ಆಫ್. ಮ್ಯಾಕ್ ಪ್ಲಸ್ ಇರುವವರು ಗಮನಿಸಿ: ಅದು ಟರ್ಮಿನೇಟರ್‌ಗೆ ವಿದ್ಯುತ್ ಕೊಡುವುದಿಲ್ಲ, ಸಾಲಿನ ಬೇರೆ ಸಾಧನವೇ ಕೊಡಬೇಕು.

ಆಮೇಲೆ ಮೊದಲು ಡ್ರೈವ್ ಆನ್ ಮಾಡಿ, ಡಿಸ್ಕ್ ಹಾಕಿ, ಅದು ತಿರುಗಿ ಸ್ಥಿರವಾದ ಮೇಲೆ ಮ್ಯಾಕ್ ಆನ್ ಮಾಡಿ. ಡಿಸ್ಕಿನಲ್ಲಿ ಆ ಮಾದರಿಗೆ ಹೊಂದುವ ಸಿಸ್ಟಂ ಫೋಲ್ಡರ್ (ಯಂತ್ರ ನಡೆಸುವ ತಂತ್ರಾಂಶವಿರುವ ಫೋಲ್ಡರ್) ಇರಲೇಬೇಕು. ಆದರೂ ಒಳಗಿನ ಡಿಸ್ಕಿನಿಂದಲೇ ಬೂಟ್ ಆಗುತ್ತಿದ್ದರೆ ಕಮಾಂಡ್, ಆಪ್ಷನ್, ಶಿಫ್ಟ್, ಡಿಲೀಟ್ ನಾಲ್ಕನ್ನೂ ಒತ್ತಿ ಹಿಡಿದು ಆನ್ ಮಾಡಿ. ಒಳಗಿನ ಡಿಸ್ಕನ್ನು ಬಿಟ್ಟು ಮುಂದೆ ಹುಡುಕುತ್ತದೆ. ನೀವು ಆರಿಸಿಟ್ಟ ಸ್ಟಾರ್ಟಪ್ ಡಿಸ್ಕ್ ಪ್ರತಿಸಲ ಮರೆತುಹೋಗುತ್ತಿದ್ದರೆ ಬೋರ್ಡಿನ ಮೇಲಿರುವ ಚಿಕ್ಕ ಬ್ಯಾಟರಿ ಸತ್ತಿರಬಹುದು.

ಕಮೊಡೋರ್ ಕಂಪನಿಯ ಹಳೇ ಅಮಿಗಾ ಕಂಪ್ಯೂಟರ್ ಇರುವವರಿಗೆ ಕಥೆ ಸ್ವಲ್ಪ ಬೇರೆ. ಅದನ್ನು ಶುರು ಮಾಡುವ ಒಳಗಿನ ತಂತ್ರಾಂಶ ಕಿಕ್‌ಸ್ಟಾರ್ಟ್. ಅದು 1.2 ಇದ್ದರೆ ತಾನಾಗಿ ಬೂಟ್ ಆಗುವುದೇ ಇಲ್ಲ, ಕನಿಷ್ಠ 1.3 ಬೇಕು. 2.0 ಅಥವಾ ಮುಂದಿನದಾದರೆ ಮೌಸ್‌ನ ಎರಡೂ ಬಟನ್ ಒತ್ತಿ ಹಿಡಿದು ಆನ್ ಮಾಡಿ. ಬರುವ ಮೆನುವಿನಲ್ಲಿ ಡ್ರೈವ್ ಕಾಣುತ್ತದೋ ಇಲ್ಲವೋ ನೋಡಿ. ಕಾಣದಿದ್ದರೆ ಮತ್ತೆ ಆ ಎರಡು ಸ್ವಿಚ್‌ಗಳ ಹತ್ತಿರ ಬನ್ನಿ.

ಈ ನಡುವೆ ಡಿಸ್ಕ್ ಒಳಗೇ ಸಿಕ್ಕಿಕೊಂಡರೆ ಎಳೆಯಬೇಡಿ. ಪವರ್ ತೆಗೆದು, ಹಿಂಬದಿಯ ಸಣ್ಣ ತೂತಿಗೆ ನೇರ ಮಾಡಿದ ಪೇಪರ್ ಕ್ಲಿಪ್ ತೂರಿಸಿ ಮೆಲ್ಲಗೆ ಒತ್ತಿ.